ಮೂರನೆಯ ಎಲೆ

ಹಿಂದವಾಡಿ, ಬೆಳಗಾವಿ
೧೮ ಜೂನ್ ೨೦೦೦

ಸಮೃದ್ಧಿ,

ನಿನ್ನೆ ಫೋನಿನಲ್ಲಿ ಮಾತು ಅರ್ಧಕ್ಕೇ ನಿಂತಿತಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಮೊದಲು ಇಂಗ್ಲಿಷಿನಲ್ಲಿ ಶುರು ಮಾಡಿದೆ. ನನಗೆ ರೂಢಿಯಾದದ್ದು ಅದೇ. ಆದರೆ ನಾಲ್ಕು ಸಾಲು ಆಗುವಷ್ಟರಲ್ಲಿ ರಜೆ ಅರ್ಜಿಯ ಹಾಗೆ ಕಂಡಿತು.

ಫೋನು ಇರುವುದು ಪಡಸಾಲೆಯಲ್ಲಿ, ನಿನ್ನ ಅಪ್ಪನ ಮಂಚ ಇರುವುದೂ ಅಲ್ಲೇ. ನಿನ್ನ ಹೆಸರು ಕಿವಿಗೆ ಬಿದ್ದರೆ ಎಡಗೈ ಚಾಚುತ್ತಾರೆ. ರಿಸೀವರ್ ಕೊಡುವುದು ತಡವಾದರೆ ಲೋಟ ತೆಗೆದುಕೊಂಡು ಮಂಚದ ಸರಳಿಗೆ ಬಡಿಯುತ್ತಾರೆ. ಕೊಟ್ಟರೆ "ಆತು, ಆತು" ಎನ್ನುತ್ತಾರೆ. ಹೋದ ಚಳಿಗಾಲದಲ್ಲಿ ಲಕ್ವಾ ಹೊಡೆದ ಮೇಲೆ ಉಳಿದದ್ದು ಆ ಒಂದೇ ಮಾತು. ಹಸಿವಾದರೂ ಆತು, ಬೇಡವಾದರೂ ಆತು, ನಿನ್ನ ದನಿ ಕೇಳಿ ಸಂತೋಷವಾದರೂ ಆತು. ಆಚೆ ನೀನು ಸುಮ್ಮನಾಗುತ್ತೀ. ಈಚೆ ನಾನು ಇಬ್ಬರ ನಡುವೆ ನಿಂತಿರುತ್ತೇನೆ. ಪತ್ರವೇ ವಾಸಿ.

ನೀನು ಖಾನಾಪುರದ ಶಾಲೆ ಸೇರಿ ನಾಲ್ಕು ತಿಂಗಳಾಯಿತು. ಬಸ್ಸಿನಲ್ಲಿ ಒಂದು ತಾಸಿನ ದಾರಿ. ದಿನಾ ಹೋಗಿಬರುವವರು ಇದ್ದಾರೆ. ಇದನ್ನು ಆಕ್ಷೇಪಣೆ ಎಂದು ಓದಬೇಡ. ನಿನ್ನ ವಯಸ್ಸಿನಲ್ಲಿ ನಾನೂ ಬೇರೆ ಕೋಣೆ ಬಯಸಿದ್ದೆನೋ ಏನೋ, ಯಾರೂ ಕೇಳಲಿಲ್ಲ.

ಮುಂಜಾನೆ ಕೆಲಸದ ಭರಮವ್ವ ಬಂದು ಅಪ್ಪನ ಹತ್ತಿರ ಕೂಡುತ್ತಾಳೆ, ನಾನು ಶಾಲೆಗೆ ಹೋಗಿ ಮಧ್ಯಾಹ್ನ ಬರುತ್ತೇನೆ. ಆದರೆ ಅವರು ಅವಳ ಕೈಯಿಂದ ತಿನ್ನುವುದಿಲ್ಲ. ಬಾಯಿ ಬಿಗಿಹಿಡಿಯುತ್ತಾರೆ.

ನನ್ನ ಹೊಟ್ಟೆನೋವಿಗೆ ಡಾಕ್ಟರರ ಹತ್ತಿರ ಹೋಗಿದ್ದೆ. ಗರ್ಭಕೋಶದಲ್ಲಿ ಗಡ್ಡೆ ಇದೆಯಂತೆ, ತೆಗೆಯಬೇಕಂತೆ. ಅವಸರವಿಲ್ಲ. ನೀನು ಭಾನುವಾರ ಏನು ಮಾಡುತ್ತೀ?

ನಿನ್ನ ಅವ್ವ


ಖಾನಾಪುರ
೯ ಜುಲೈ ೨೦೦೦

ಅವ್ವಾ,

ಭಾನುವಾರ ಆಟ ಆಡುತ್ತೇವೆ. ನಗಬೇಡ.

ಇಲ್ಲಿಯ ಹಂಚಿನ ಕಾರ್ಖಾನೆಯ ಆಫೀಸಿನಲ್ಲಿ ಆಕಾಶ ಎಂಬವನಿದ್ದಾನೆ. ಪುಣೆಯಲ್ಲಿ ಎಂಜಿನಿಯರಿಂಗ್ ಓದುವಾಗ ಹಾಸ್ಟೆಲಿನಲ್ಲಿ ಕಲಿತು ಬಂದ ಆಟ. ಹಾಸು ಇಲ್ಲ, ಕಾಯಿ ಇಲ್ಲ. ಮೇಜಿನ ಸುತ್ತ ಕೂತು ಒಬ್ಬರು ಕಥೆ ನಡೆಸಬೇಕು, ಉಳಿದವರು ಕಥೆಯೊಳಗಿನ ಒಬ್ಬೊಬ್ಬ ಮನುಷ್ಯನಾಗಬೇಕು. "ಎದುರಿಗೆ ಹಾಳುಬಾವಿ ಇದೆ, ಏನು ಮಾಡುತ್ತೀರಿ?" ಎಂದು ನಾನು ಕೇಳುತ್ತೇನೆ. "ಇಣುಕುತ್ತೇನೆ" ಎಂದು ಅವರು ಹೇಳುತ್ತಾರೆ. ಕಾಲು ಜಾರಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಆಡುವವರು ಆಕಾಶ, ನನ್ನ ಶಾಲೆಯ ಕಾಂತಾ ಟೀಚರ್, ಪೋಸ್ಟಾಫೀಸಿನ ಸಿದ್ದಪ್ಪ. ಕಥೆ ನಡೆಸುವವಳು ನಾನು. ಮೂವರಿಗೂ ದೆವ್ವದ ಕಥೆಯೇ ಬೇಕು.

ದೆವ್ವಗಳನ್ನು ಎಲ್ಲಿಂದ ತರುತ್ತೇನೆ ಗೊತ್ತೇ? ಗಿಳಿಶಾಸ್ತ್ರದ ಎಲೆಗಳಿಂದ. ಬಸ್ ಸ್ಟ್ಯಾಂಡಿನ ಬಾಜು ಕೂಡುತ್ತಿದ್ದ ನಾಗಲಿಂಗಜ್ಜನ ಗಿಳಿ ಹಾರಿಹೋಯಿತು. "ಹಕ್ಕಿ ಇಲ್ಲದ ಎಲಿ ನಾ ಏನ ಮಾಡ್ಲಿ, ಒಯ್ರಿ ಬಾಯಾರ" ಎಂದು ಇಡೀ ಕಟ್ಟು ಕೊಟ್ಟುಬಿಟ್ಟ. ಬಣ್ಣ ಮಾಸಿದ ಚಿತ್ರಗಳು. ದೀಪ, ಹಾವು, ತೊಟ್ಟಿಲು, ನಂದಿ, ಶನಿದೇವರು, ಇನ್ನೂ ಏನೇನೋ.

ಒಂದೊಂದು ಹೆದರಿಕೆಗೆ ಮೂರು ಎಲೆ. ಮೊದಲನೆಯದು ಜಾಗ. ಎರಡನೆಯದು ಅಲ್ಲಿ ಇರುವುದು ಯಾರು. ಮೂರನೆಯದು, ಅದಕ್ಕೆ ಏನು ಬೇಕು. ಎಲೆ ತಲೆಕೆಳಗಾಗಿ ಬಂದರೆ ಚಿತ್ರದಲ್ಲಿ ಇರಬೇಕಾದದ್ದು ಕೆಟ್ಟಿದೆ ಎಂದು ಲೆಕ್ಕ. ಮೂರನೆಯದನ್ನು ಮಾತ್ರ ನಾನೂ ನೋಡದೆ ಬೋರಲು ಹಾಕಿ ಇಡುತ್ತೇನೆ. ಅದಕ್ಕೆ ಏನು ಬೇಕೆಂದು ಗೊತ್ತಾಗದಿದ್ದರೇ ಹೆಚ್ಚು ಹೆದರಿಕೆ.

ಶಾಸ್ತ್ರದಲ್ಲಿ ಕೇಳುವವರೂ ಎಲೆ ತೆಗೆಯಬಾರದು, ಹೇಳುವವರೂ ತೆಗೆಯಬಾರದು. ಗಿಳಿಯೇ ತೆಗೆಯಬೇಕು. ಆದ್ದರಿಂದ ಆಕಾಶ ನಮ್ಮ ಮನೆಯೊಡತಿ ಫಕೀರವ್ವನ ಕೋಳಿ ಹಿಡಿದು ತಂದ. ಅದು ಎಲೆಗಳ ಮೇಲೆ ಒಂದು ಸುತ್ತು ನಡೆದು, ಶನಿದೇವರ ಮೇಲೆ ಹೇತು ಇಳಿದುಹೋಯಿತು. ಫಕೀರವ್ವ ಬೈದದ್ದು ಕೋಳಿಗಲ್ಲ, ನಮಗೆ. "ದೇವರನ್ನ ತಲಿಕೆಳಗ ಹಿಡದು ಆಡ್ತೀರಿ, ಕೋಳಿ ಪಾಡ ಐತಿ ನಿಮಗಿಂತ." ಈಗ ಒಬ್ಬರಿಗಾಗಿ ಇನ್ನೊಬ್ಬರು ತೆಗೆಯುತ್ತಾರೆ.

ಈ ತಿಂಗಳು ಪರೀಕ್ಷೆ ಇದೆ, ಬರಲಾಗದು.

ಸಮೃದ್ಧಿ


ಹಿಂದವಾಡಿ
೨೩ ಜುಲೈ ೨೦೦೦

ಸಮ್ಮು,

ಕೋಳಿಯ ಸಂಗತಿ ಓದಿ ಜೋರಾಗಿ ನಕ್ಕೆ. ನನ್ನ ನಗು ಕೇಳಿ ಅಪ್ಪ ಹೊರಳಿ ನೋಡಿದರು. ಅವರಿಗೂ ಓದಿ ಹೇಳಿದೆ. "ಆತು" ಎಂದರು. ಅರ್ಥವಾಯಿತೆಂದುಕೊಂಡೆ. ನನಗೆ ಬೇಕಾದ ಅರ್ಥವನ್ನೇ ನಾನು ಅವರ ಬಾಯಲ್ಲಿ ಇಡುತ್ತೇನೋ ಎಂಬ ಅನುಮಾನವೂ ಇದೆ.

ಮೂರನೆಯ ಎಲೆ ಬೋರಲು ಇಡುವುದು ಜಾಣತನ. ಆದರೆ ಒಂದು ಕೇಳುತ್ತೇನೆ. ಆಡುವವರಿಗೆ ಗೊತ್ತಿಲ್ಲದಿರುವುದು ಸರಿ. ಕಥೆ ನಡೆಸುವವಳಿಗೂ ಗೊತ್ತಿಲ್ಲದಿದ್ದರೆ ಕಥೆ ಎತ್ತ ಹೋಗುತ್ತದೆ? ಟೀಚರ್ ಬುದ್ಧಿ, ಬಿಡು.

ವಡಗಾವಿಯಿಂದ ನಿನ್ನ ಸೋದರತ್ತೆ ಅಕ್ಕವ್ವ ಬಂದು ನಾಲ್ಕು ದಿನ ಇದ್ದಳು, ನನಗೆ ಕೈಜೋಡಿಸಲೆಂದು. ಮಂಚದ ಹತ್ತಿರ ಕೂತು "ನಮ್ಮಣ್ಣಗ ಎಂಥಾ ಗತಿ ಬಂತವಾ" ಎಂದು ಅಳುವುದು, ನಾನು ಅವಳಿಗೆ ಚಹಾ ಮಾಡಿ ಸಮಾಧಾನ ಮಾಡುವುದು. ಅವಳು ಗಂಜಿ ಕುಡಿಸಲು ಹೋದರೆ ಬಟ್ಟಲೇ ನೆಲಕ್ಕೆ ಬಿತ್ತು. ಈಗ ನುಂಗುವುದು ಇನ್ನೂ ಕಷ್ಟವಾಗಿದೆ. ಅವರ ಹಳೆಯ ಧೋತರದ ತುಂಡಿನಲ್ಲಿ ಗಂಜಿ ಸೋಸಿ ಕೊಡುತ್ತೇನೆ. ಮಚ್ಛೆಯ ಫೌಂಡ್ರಿಯಲ್ಲಿ ನೂರು ಮಂದಿಯನ್ನು ಗದರಿಸಿದ ಮನುಷ್ಯ.

ಡಾಕ್ಟರರು ದೀಪಾವಳಿ ಆದ ಕೂಡಲೇ ಆಪರೇಷನ್ ಎಂದಿದ್ದಾರೆ. ಆಮೇಲೆ ಕೆಲವು ವಾರ ನಾನು ಭಾರ ಎತ್ತುವ ಹಾಗಿಲ್ಲ, ಅಂದರೆ ಅಪ್ಪನನ್ನು ಎತ್ತುವ ಹಾಗಿಲ್ಲ. ಮನೆಯಲ್ಲಿ ಯಾರಾದರೂ ಇರಬೇಕಾಗುತ್ತದೆ, ಅವರು ಯಾರ ಕೈಯಿಂದ ತಿನ್ನುತ್ತಾರೋ ಅಂಥವರು. ನೋಡೋಣ.

ಅವ್ವ


ಖಾನಾಪುರ
೨೦ ಆಗಸ್ಟ್ ೨೦೦೦

ಅವ್ವಾ,

ಉತ್ತರ ತಡವಾಯಿತು. ಆಟದಲ್ಲಿ ಸಿಕ್ಕಿಕೊಂಡಿದ್ದೇನೆ. ನೀನು ಇಂಗ್ಲಿಷ್ ದೆವ್ವದ ಕಥೆ ಬಹಳ ಓದಿದವಳು, ಒಂದು ದಾರಿ ಹೇಳು.

ಮೊದಲ ಎಲೆ ದೀಪ, ತಲೆಕೆಳಗು. ಹಾಗಾಗಿ ಲೋಂಡಾ ರಸ್ತೆಯ ಕಾಡಿನಲ್ಲಿ ಒಂದು ಹಳೆಯ ಬಂಗಲೆ ಮಾಡಿದೆ. ದೀಪ ಉರಿಯುತ್ತದೆ, ಬೆಳಕು ಮಾತ್ರ ನೆಲಕ್ಕೆ ಬೀಳುವುದಿಲ್ಲ. ಎರಡನೆಯದು ತೊಟ್ಟಿಲು, ಅದೂ ತಲೆಕೆಳಗು. ಅಂದರೆ ಮಲಗಿಯೇ ಇರುವಂಥದ್ದು, ಆದರೆ ಕೂಸಲ್ಲ. ಅದು ಮುಚ್ಚಿದ ಕೋಣೆಯಲ್ಲಿದೆ. ಒಳಗಿನಿಂದ ಕಬ್ಬಿಣದ ಮೇಲೆ ಏನೋ ಬಡಿದ ಸಪ್ಪಳ. ಬಡಿದಾಗಲೊಮ್ಮೆ ಚೌಕಿದಾರನ ಹೆಂಡತಿ ಬಟ್ಟೆಯಲ್ಲಿ ಸೋಸಿದ ಗಂಜಿ ತೆಗೆದುಕೊಂಡು ಒಳಗೆ ಹೋಗುತ್ತಾಳೆ. ಪ್ರತಿ ಸಲ ಹೊರಗೆ ಬರುವಾಗ ಸ್ವಲ್ಪ ಸಣ್ಣವಳಾಗಿರುತ್ತಾಳೆ.

ಅದನ್ನು ನಾನು ಬಿಡಿಸಿ ಹೇಳಲಿಲ್ಲ. ಸೀರೆಯ ನಿರಿಗೆ ನೆಲಕ್ಕೆ ಎಳೆಯುತ್ತಿದೆ, ಬಳೆ ಮೊಣಕೈಗೆ ಜಾರುತ್ತಿದೆ ಎಂದಷ್ಟೇ ಹೇಳುತ್ತಾ ಹೋದೆ. ಎರಡನೆಯ ಭಾನುವಾರ ಸಿದ್ದಪ್ಪ ಇದ್ದಕ್ಕಿದ್ದಂತೆ, "ತಡೀರಿ ಬಾಯಾರ, ಆಕಿ ತಲಿ ಮೊದ್ಲ ಬಾಗಲಾ ಚೌಕಟ್ಟಿಗೆ ಹತ್ತತಿತ್ತಲ್ಲ?" ಎಂದ. ಕಾಂತಾ ಬಾಯಿಗೆ ಸೆರಗು ಇಟ್ಟುಕೊಂಡಳು. ಅಂಥ ಹೆದರಿಕೆ ಹಿಂದೆಂದೂ ಹುಟ್ಟಿಸಿರಲಿಲ್ಲ ನಾನು.

ಆಮೇಲೆ ಕೆಟ್ಟಿತು. ಮೂವರೂ ಕಾಡಿನಲ್ಲಿ ಓಡುತ್ತಲೇ ಇದ್ದಾರೆ. ಬಾಗಿಲು ತೆಗೆಯಲು ಯಾರೂ ಒಲ್ಲರು. ನಾನೂ ಒತ್ತಾಯ ಮಾಡುತ್ತಿಲ್ಲ, ಒಳಗೆ ಏನಿದೆ ಎಂದು ನನಗೆ ಹೊಳೆಯುತ್ತಿಲ್ಲ. "ಓಡಿ ಓಡಿ ನನ್ನ ಚಪ್ಪಲಿ ಹರದಾವ್ರಿ" ಎನ್ನುತ್ತಾನೆ ಆಕಾಶ. ಏನು ಮಾಡಲಿ?

ಗಣೇಶ ಚೌತಿಗೆ ಬರಲಾಗುವುದಿಲ್ಲ. ಶಾಲೆಯಲ್ಲಿ ಕೆಲಸವಿದೆ.

ಸಮೃದ್ಧಿ


ಹಿಂದವಾಡಿ
೧೦ ಸೆಪ್ಟೆಂಬರ್ ೨೦೦೦

ಸಮೃದ್ಧಿ,

ಇದಕ್ಕೆ ಮೊದಲು ಎರಡು ಪತ್ರ ಬರೆದು ಹರಿದೆ. ಒಂದರಲ್ಲಿ ಸಿಟ್ಟಿತ್ತು. ಇನ್ನೊಂದರಲ್ಲಿ ಸಿಟ್ಟಿಲ್ಲ ಎಂದು ಬರೆದಿದ್ದೆ, ಅದು ಇನ್ನೂ ಕೆಟ್ಟದಾಗಿತ್ತು.

ನಿನ್ನ ಕಥೆ ಚೆನ್ನಾಗಿದೆ. ನನಗೂ ಹೆದರಿಕೆಯಾಯಿತು. ಮರುದಿನ ಕನ್ನಡಿಯ ಮುಂದೆ ನಿಂತು ಸೀರೆಯ ಅಂಚು ನೋಡಿಕೊಂಡೆ. ಇಷ್ಟೇ ಹೇಳುತ್ತೇನೆ ಅದರ ಬಗ್ಗೆ.

ನೀನು ಬರದಿರುವುದಕ್ಕೆ ಪರೀಕ್ಷೆ, ಕೆಲಸ ಎಂದೆಲ್ಲ ಕಾರಣ ಕೊಟ್ಟಾಗ ನಾನು ಅದನ್ನು ಸೋಮಾರಿತನ ಎಂದುಕೊಂಡಿದ್ದೆ. ಕಲ್ಲುಮನಸ್ಸು ಎಂದೂ ಅಂದುಕೊಂಡ ದಿನವಿದೆ. ಹೆದರಿಕೆ ಎಂದು ಹೊಳೆದಿರಲಿಲ್ಲ. ಇಪ್ಪತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳಿಗೆ ಹೊಳೆಯಬೇಕಿತ್ತು.

ದಾರಿ ಕೇಳಿದ್ದಿ. ಚೌಕಿದಾರನ ಹೆಂಡತಿಯ ಪಾತ್ರ ನನಗೆ ಕೊಡು. ಮುಂದಿನ ಭಾನುವಾರ ಅವಳು ಬಾಗಿಲು ತೆಗೆದು ಹೊರಗೆ ಬಂದು ಇಷ್ಟು ಹೇಳುತ್ತಾಳೆ. ಇದ್ದ ಹಾಗೆಯೇ ಓದು.

"ಬರ್ರಿ, ಒಳಗ ಬರ್ರಿ. ಅಂಜಬ್ಯಾಡ್ರಿ, ಅದು ಎದ್ದು ಬರೂದಿಲ್ಲ. ಎದ್ದು ಬರೂವಂಗಿದ್ರ ನಾ ಯಾಕ ಇಷ್ಟು ಸಣ್ಣಾಕಿ ಆಗತಿದ್ದೆ? ಬಲಕ್ಕ ನಿಂದರಬ್ಯಾಡ್ರಿ, ಆ ಕಡೆ ಅದಕ್ಕ ಕಾಣೂದಿಲ್ಲ, ದಿಗಿಲ ಬೀಳತೈತಿ. ನೀವು ಅದಕ್ಕ ಅಂಜೂದಕಿಂತ ಅದು ನಿಮಗ ಹೆಚ್ಚ ಅಂಜತೈತಿ. ಅಂಗಿ ತೊಡಸೂ ಮುಂದ ಸತ್ತ ಕೈ ಮೊದಲ ತೂರಸ್ರಿ. ರೇಡಿಯೋ ಹಚ್ಚಿದ್ರ ಸುಮ್ಮ ಇರತೈತಿ. ಬಡೀತೈತಿ ಅಂದ್ರ ಸಿಟ್ಟ ಅಂತ ತಿಳೀಬ್ಯಾಡ್ರಿ, ಮಾತ ಬರೂದಿಲ್ಲ ಅದಕ್ಕ, ಅಷ್ಟ. ಗಂಜಿ ಕುಡಸೂ ಮುಂದ ತಲಿ ಎತ್ತಿ ಹಿಡೀರಿ, ಒಂದ ಚಮಚ ನುಂಗೂತನಕ ಇನ್ನೊಂದ ಕೊಡಬ್ಯಾಡ್ರಿ. ಇಲ್ಲಿ ಅಂಜೂವಂಥಾದ್ದ ಏನೂ ಇಲ್ಲ. ದಣಿಯೂವಂಥಾದ್ದ ಐತಿ. ಯಾರರ ಈ ಬಟ್ಟಲಾ ಹಿಡೀರಿ. ನಾ ಒಂದೀಟು ಹೊರಗ ಕುಂದರತೀನಿ."

ಆಮೇಲೆ ಏನಾಗುತ್ತದೆ ಎಂಬುದು ನಿನಗೆ ಬಿಟ್ಟದ್ದು. ಕಥೆ ನಡೆಸುವವಳು ನೀನು.

ಅವ್ವ


ಖಾನಾಪುರ
೮ ಅಕ್ಟೋಬರ್ ೨೦೦೦

ಅವ್ವಾ,

ನಿನ್ನ ಪತ್ರ ಬಂದ ಮೇಲೆ ಎರಡು ಭಾನುವಾರ ತಲೆನೋವು ಎಂದು ಆಟ ತಪ್ಪಿಸಿದೆ. ಮೂರನೆಯ ಭಾನುವಾರ ಓದಿದೆ.

ಮೊದಲು ಯಾರೂ ನಂಬಲಿಲ್ಲ. "ಭಾಳ ಛಲೋ ಬಲಿ ಹಾಕ್ಯಾಳ ನೋಡ ಈ ಮುದಿಕಿ" ಎಂದ ಸಿದ್ದಪ್ಪ. "ದಾಳ ಹಾಕೂಣು, ಖರೇ ಹೇಳಾಕತ್ತಾಳೋ ಸುಳ್ಳೋ" ಎಂದ ಆಕಾಶ. ಹಾಕಿದ. ಖರೆ ಎಂದು ಬಂತು. ಆದರೂ ಇಬ್ಬರೂ ಹೊಸ್ತಿಲಿನಲ್ಲೇ ನಿಂತರು. ಕಾಂತಾ ಕೇಳಿದಳು, "ಮೂರನೇ ಎಲಿ ತಗೀಬಹುದೇನು?" ತೆಗಿ ಎಂದೆ. ನಾನೂ ಆವತ್ತೇ ಮೊದಲು ನೋಡಿದ್ದು. ಅನ್ನಪೂರ್ಣೆ, ಕೈಯಲ್ಲಿ ಸೌಟು. ತಲೆಕೆಳಗಾಗಿರಲಿಲ್ಲ, ನೆಟ್ಟಗೇ ಇತ್ತು.

"ಊಟಾ?" ಎಂದ ಆಕಾಶ. "ಎರಡ ತಿಂಗಳ ಕಾಡ ತುಂಬ ಓಡಸಿದ್ದು ಒಂದ ಬಟ್ಟಲ ಗಂಜಿ ಸಲುವಾಗಿ?" ಎಲ್ಲರೂ ನಕ್ಕರು. ನಾನೂ ನಕ್ಕೆ. ಕಾಂತಾ ನಗಲಿಲ್ಲ. "ಅದಕ್ಕ ಆಕಿ ಉಣಸತಾಳ. ಆಕಿಗೆ ಯಾರು ಉಣಸತಾರ?" ಎಂದಳು. ನಾನು ಉತ್ತರ ಕೊಡಬೇಕಿತ್ತು. ಕಥೆ ನಡೆಸುವವರು ಏನಾದರೂ ಹೇಳಲೇಬೇಕು, ಅದು ಆಟದ ನಿಯಮ. ಹೇಳುವ ಬದಲು ಎಲೆಗಳನ್ನು ಜೋಡಿಸತೊಡಗಿದೆ. ಕಾಂತಾ ನನ್ನ ಮುಖ ನೋಡಿ, "ಬ್ಯಾಡ ಬಿಡ, ನಾ ಬಟ್ಟಲಾ ತಗೊಂತೀನಿ" ಎಂದು ಒಳಗೆ ಹೋದಳು. ಅಂದರೆ, ಹೋದೆ ಎಂದಳು.

ಆಪರೇಷನ್ ಬಗ್ಗೆ ಎರಡು ಪತ್ರದಲ್ಲಿ ಬರೆದಿದ್ದಿ. ನಾನು ಎರಡು ಸಲವೂ ಓದಿದ್ದೆ.

ನವೆಂಬರಿನಲ್ಲಿ ನಾನು ಬರುತ್ತೇನೆ. ಶಾಲೆಗೆ ಸಂಬಳವಿಲ್ಲದ ರಜೆ ಬರೆದಿದ್ದೇನೆ, ನನ್ನ ತರಗತಿ ಕಾಂತಾ ನೋಡಿಕೊಳ್ಳುತ್ತಾಳೆ. ಚೆನ್ನಾಗಿ ಮಾಡುತ್ತೇನೆ ಎಂದು ಮಾತು ಕೊಡಲಾರೆ. ಅಪ್ಪನ ಬಾಯಿ ಒಂದು ಕಡೆ ಎಳೆದಿರುವುದನ್ನು ನೋಡಿದರೆ ನನಗೆ ಈಗಲೂ ಹೆದರಿಕೆಯಾಗುತ್ತದೆ. ಕೆಲವು ದಿನ ಮೊದಲೇ ಬರುತ್ತೇನೆ. ನೀನು ಉಣಿಸುವುದನ್ನು ನಿಂತು ನೋಡುತ್ತೇನೆ. ಎಡಕ್ಕೆ ನಿಲ್ಲುತ್ತೇನೆ.

ನೀನು ಭಾರ ಎತ್ತಬಾರದು, ಆದರೆ ಆ ಮನೆಯಲ್ಲಿದ್ದರೆ ಎತ್ತಿಯೇ ಎತ್ತುತ್ತೀ. ಆಸ್ಪತ್ರೆಯಿಂದ ಬಿಟ್ಟ ಮೇಲೆ ನನ್ನ ಕೋಣೆಗೆ ಬಾ. ಫಕೀರವ್ವನಿಗೆ ಹೇಳಿದ್ದೇನೆ. "ಕರಕೊಂಡ ಬಾ, ಕೋಳಿ ಜೋಡಿ ಅವರನ್ನೂ ನೋಡ್ಕೊಂತೀನಿ" ಎಂದಳು.

ಸಮೃದ್ಧಿ


ಖಾನಾಪುರ
೨೬ ನವೆಂಬರ್ ೨೦೦೦

ಸಮ್ಮು,

ನಿನ್ನ ಮೇಜಿನ ಮುಂದೆ ಕೂತು ನಿನ್ನ ಪೆನ್ನಿನಿಂದಲೇ ಬರೆಯುತ್ತಿದ್ದೇನೆ, ನನ್ನ ಮನೆಯ ವಿಳಾಸಕ್ಕೆ. ಹೊಲಿಗೆ ಒಣಗಿದೆ. ಜ್ವರವಿಲ್ಲ.

ಫಕೀರವ್ವ ನನ್ನನ್ನು ಏಳಲು ಬಿಡುವುದಿಲ್ಲ. "ಕುಂದರ್ರಿ ಅಕ್ಕಾರ, ಏಳೂದ ನಿಮಗೊಂದು ಚಟ ಆಗೇತಿ" ಎನ್ನುತ್ತಾಳೆ. ತಟ್ಟೆ ತಂದು ತೊಡೆಯ ಮೇಲೆ ಇಟ್ಟು ಉಂಡು ಮುಗಿಯುವವರೆಗೆ ಎದುರಿಗೆ ಕೂಡುತ್ತಾಳೆ. ಮೊದಲ ದಿನ ನಾಚಿಕೆಯಾಯಿತು. ಈಗ ಇಲ್ಲ.

ಕಳೆದ ಭಾನುವಾರ ನಿನ್ನ ಗೆಳೆಯರು ಬಂದಿದ್ದರು. ಕಥೆ ನಡೆಸಿರಿ ಎಂದು ಹಟ ಹಿಡಿದರು. ಎಲೆ ತೆಗೆದುಕೊಟ್ಟರು, ಹಾವು, ಗಂಟೆ. ಎಷ್ಟು ನೋಡಿದರೂ ಹೆದರಿಕೆ ಹುಟ್ಟಿಸಲು ಬರಲಿಲ್ಲ ನನಗೆ. ಹಾವಿಗೆ ಔಷಧ ಯಾರು ಹಚ್ಚುತ್ತಾರೆ, ಗಂಟೆ ಯಾರು ತಿಕ್ಕುತ್ತಾರೆ ಎಂದೇ ತಲೆಗೆ ಬರುತ್ತಿತ್ತು. ಆಕಾಶ ಪಾಪ ಸೌಜನ್ಯಕ್ಕೆ ಎರಡು ಸಲ ಬೆಚ್ಚಿಬಿದ್ದ.

ಈಗ ಬರೆಯಬೇಕಾದದ್ದು. ಗುರುವಾರ ಡಾಕ್ಟರರು ಮನೆಗೆ ಹೋಗಬಹುದು ಎಂದರು. ಶುಕ್ರವಾರ ಚೀಲ ತುಂಬಿಕೊಂಡು ಬಸ್ ಸ್ಟ್ಯಾಂಡಿಗೆ ಹೋದೆ. ಬೆಳಗಾವಿಯ ಗಾಡಿ ಬಂತು. ಜನ ಬಹಳ ಎಂದು ಬಿಟ್ಟೆ. ಎರಡನೆಯದು ಖಾಲಿ ಬಂತು. ಕಂಡಕ್ಟರ್ ನನ್ನ ಚೀಲ ನೋಡಿ, "ಬೆಳಗಾವೇನ್ರಿ ಅಕ್ಕಾರ?" ಎಂದ. "ಅಲ್ಲಪಾ" ಎಂದೆ. ಯಾಕೆ ಹಾಗೆಂದೆನೋ. ಕಟ್ಟೆಯ ಮೇಲೆ ಕೂತು ಚಹಾ ಕುಡಿದೆ. ಯಾರಿಗೂ ಮಾಡಿಕೊಡದೆ, ಯಾರ ದಾರಿಯನ್ನೂ ಕಾಯದೆ. ಚಹಾ ಚೆನ್ನಾಗಿರಲಿಲ್ಲ. ಆದರೂ ಇನ್ನೊಂದು ತೆಗೆದುಕೊಂಡೆ. ಆಮೇಲೆ ನಿನ್ನ ಕೋಣೆಗೆ ಹಿಂದಿರುಗಿ ಮಲಗಿದೆ.

ಹೊಲಿಗೆ ನೋಯುತ್ತದೆ ಎಂದು ಬರೆಯಬಹುದಿತ್ತು. ನೋಯುತ್ತಿಲ್ಲ. ಅಪ್ಪನ ಮೇಲೆ ಪ್ರೀತಿ ಇಲ್ಲವೆಂದೂ ಅಲ್ಲ, ಅಷ್ಟು ನನಗೆ ಗೊತ್ತಿದೆ. ಉಳಿದದ್ದು ಗೊತ್ತಿಲ್ಲ. ನೀನು ಎಷ್ಟು ಸಲ ಇದೇ ಕಟ್ಟೆಯ ಮೇಲೆ ಕೂತು ಎದ್ದು ಹೋಗಿದ್ದೀಯೋ ಎಂದು ಯೋಚಿಸಿದೆ. ಕೇಳುವುದಿಲ್ಲ.

ನೀನು ಬಾ ಎಂದರೆ ಬರುತ್ತೇನೆ.

ಅವ್ವ


ಹಿಂದವಾಡಿ
೧ ಡಿಸೆಂಬರ್ ೨೦೦೦

ಅವ್ವಾ,

ನಿನ್ನ ಪತ್ರ ಓದಿ ಮೊದಲು ಸಿಟ್ಟು ಬಂತು. ಗಂಜಿಯ ಪಾತ್ರೆ ತಿಕ್ಕುತ್ತ ಇಡೀ ಮಧ್ಯಾಹ್ನ ಸಿಟ್ಟಿನಲ್ಲಿದ್ದೆ. ಸಂಜೆಗೆ ಇಳಿಯಿತು.

ನಿನ್ನೆ ಅಪ್ಪ ಬಟ್ಟಲು ತಳ್ಳಿದರು. ಒರೆಸಿ ಮತ್ತೆ ಮಾಡಿ ತಂದೆ, ಮತ್ತೆ ತಳ್ಳಿದರು. ನಾನು ಕೂಗಾಡಿದೆ. ಭರಮವ್ವ ಓಡಿಬಂದು ನೋಡಿ ಹೋದಳು. ಆಮೇಲೆ ನಾನು ಮಂಚದ ಎಡಕ್ಕೆ ಕೂತೆ. ಅವರು ಬಹಳ ಹೊತ್ತು ನನ್ನನ್ನೇ ನೋಡಿದರು. ನಾನೂ ನೋಡಿದೆ, ಆ ಎಳೆದ ಬಾಯಿಯನ್ನೂ ಸೇರಿಸಿ. "ಆತು" ಎಂದರು. ಏನರ್ಥವೋ ಗೊತ್ತಿಲ್ಲ, ನಾನು ಊಹಿಸಲಿಲ್ಲ. ಮೂರನೆಯ ಸಲ ಮಾಡಿದ್ದನ್ನು ಅರ್ಧ ಕುಡಿದರು.

ರಾತ್ರಿ ಮಲಗಿದರೆ ನನಗೆ ಕನಸೂ ಬೀಳುವುದಿಲ್ಲ ಈಗ, ಅಷ್ಟು ದಣಿವು. ನೀನು ಒಬ್ಬಳೇ ಒಂದು ವರ್ಷ ಮಾಡಿದ್ದೀ.

ನನ್ನ ರಜೆ ಡಿಸೆಂಬರ್ ಹದಿನೈದಕ್ಕೆ ಮುಗಿಯುತ್ತದೆ. ನೀನು ಹದಿನಾಲ್ಕಕ್ಕೆ ಬಾ. ಅದಕ್ಕಿಂತ ಮೊದಲು ಬರಬೇಡ, ಬೇಕಾದರೆ ದಿನಾ ಆ ಕಟ್ಟೆಯ ಮೇಲೆ ಕೂತು ಚಹಾ ಕುಡಿ.

ಅದಕ್ಕಿಂತ ತಡ ಮಾಡಬೇಡ. ನನ್ನಿಂದಲೂ ಆಗುವುದಿಲ್ಲ.

ಸಮೃದ್ಧಿ